ಎರಡು ಬರಹ ಅರ್ಧಕ್ಕೆ ನಿಂತಿವೆ, ಮೂರನೆಯದು ಕರೆಯುತ್ತಿದೆ. ಹೋಗಲೇ?

ಕೆಲಗೇರಿ ದಂಡೆ · ಭಾನುವಾರ ರಾತ್ರಿ 11:10

ಎಲ್ಲರಿಗೂ ನಮಸ್ಕಾರ. ಧಾರವಾಡದಿಂದ ಬರೆಯುತ್ತಿದ್ದೇನೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಬೆಳಿಗ್ಗೆ ಐದರಿಂದ ಆರೂವರೆ ಮಾತ್ರ ನನ್ನ ಬರವಣಿಗೆಯ ಹೊತ್ತು. ಆಮೇಲೆ ಡಬ್ಬಿ, ಮಕ್ಕಳು, ಬಸ್ಸು. ಇದನ್ನು ಮೊದಲೇ ಯಾಕೆ ಹೇಳಿದೆ ಅಂದ್ರೆ, ನನ್ನ ಪ್ರಶ್ನೆ ಇರುವುದೇ ಈ ಒಂದೂವರೆ ತಾಸಿನ ಬಗ್ಗೆ.

ನನ್ನ ಹತ್ತಿರ ಎರಡು ಬರಹ ಅರ್ಧಕ್ಕೆ ನಿಂತಿವೆ.

ಒಂದು ಕಾದಂಬರಿ. ಸಪ್ತಾಪುರದಲ್ಲಿ ಒಬ್ಬ ಹೆಣ್ಣುಮಗಳು ಖಾನಾವಳಿ ನಡೆಸುತ್ತಾಳೆ. ಹಳ್ಳಿಗಳಿಂದ ಓದಲು ಬಂದ ಹುಡುಗರು ಅವಳ ಕೈಯ ರೊಟ್ಟಿ ಉಂಡು ದೊಡ್ಡವರಾಗುತ್ತಾರೆ. ಹನ್ನೊಂದು ಅಧ್ಯಾಯ ಆಗಿದೆ. ಉದ್ದನೆಯ ನೋಟ್‌ಬುಕ್ಕಿನಲ್ಲಿ 184 ಪುಟ. ಎರಡು ವರ್ಷದಿಂದ ಮುಟ್ಟಿಲ್ಲ.

ಇನ್ನೊಂದು ಕಥೆಗಳ ಗೊಂಚಲು. ಧಾರವಾಡದಿಂದ ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ಸಿನ ದಾರಿ, ಒಂದೊಂದು ನಿಲ್ದಾಣಕ್ಕೆ ಒಂದು ಕಥೆ. ಹನ್ನೆರಡು ಅಂತ ಲೆಕ್ಕ ಹಾಕಿದ್ದೆ. ಜುಬಿಲಿ ಸರ್ಕಲ್, ಟೋಲ್ ನಾಕಾ, ಸತ್ತೂರು, ಉಣಕಲ್, ಹೊಸೂರು, ಇಷ್ಟು ಐದು ಆಗಿವೆ. ಆರನೆಯದು ನವನಗರ. ಎಂಟು ತಿಂಗಳಿಂದ ಅದರ ಮೊದಲ ಸಾಲು ಬರೆಯುತ್ತೇನೆ, ಹೊಡೆದು ಹಾಕುತ್ತೇನೆ.

ಹದಿನೈದು ದಿನದ ಹಿಂದೆ ತಂಗಿಯ ಮಗಳ ಲಗ್ನಪತ್ರಿಕೆ ಮಾಡಿಸಲು ಗದಗಕ್ಕೆ ಹೋಗಿದ್ದೆವು. ಪತ್ರಿಕೆ ಈಗೆಲ್ಲ ಕಂಪ್ಯೂಟರಿನಲ್ಲೇ. ಆದರೆ ಆ ಮುದ್ರಣಾಲಯದ ಹಿಂದಿನ ಕೋಣೆಯಲ್ಲಿ ಹಳೆಯ ಕಟ್ಟಿಗೆಯ ಕೇಸುಗಳು ಇದ್ದವು. ನೂರಾರು ಸಣ್ಣ ಸಣ್ಣ ಖಾನೆ. ಒಳಗೆ ಸೀಸದ ಮೊಳೆಗಳು, ಅಂದ್ರೆ ಒಂದೊಂದು ಅಕ್ಷರದ ಅಚ್ಚುಗಳು. ಮೇಲೆ ಧೂಳು. ಬಹಳಷ್ಟು ಮೊಳೆ ಆಗಲೇ ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋಗಿದೆ, ಉಳಿದದ್ದೂ ಹೋಗುತ್ತದೆ ಅಂದರು ಯಜಮಾನರು. ನಾನು ನೋಡುತ್ತಾ ನಿಂತದ್ದು ಕಂಡು ಒಂದು ಮೊಳೆ ತೆಗೆದು ಕೈಗಿಟ್ಟರು. 'ಳ' ಅಕ್ಷರ. ಉಲ್ಟಾ 'ಳ'.

ಅವತ್ತು ರಾತ್ರಿ ಎರಡು ಗಂಟೆ ತನಕ ಕೂತು ನಾಲ್ಕು ಪುಟ ಬರೆದೆ. ಕಥೆ ಹೀಗಿದೆ. 1970ರ ದಶಕದ ಗದಗ. ಒಬ್ಬ ಲೇಖಕ ಕಾದಂಬರಿಯನ್ನು ಕಂತು ಕಂತಾಗಿ ಬರೆದು ಅಚ್ಚಿಗೆ ಕಳಿಸುತ್ತಿರುತ್ತಾನೆ. ಕೊನೆಯ ಕಂತು ಬರುವ ಮೊದಲೇ ತೀರಿಕೊಳ್ಳುತ್ತಾನೆ. ಆ ಕಾದಂಬರಿ ಹೇಗೆ ಮುಗಿಯಬೇಕು ಅನ್ನುವುದು ಲೋಕದಲ್ಲಿ ಒಬ್ಬನಿಗೇ ಗೊತ್ತು. ಅದನ್ನು ಅಕ್ಷರ ಅಕ್ಷರವಾಗಿ ಜೋಡಿಸಿದ ಮೊಳೆ ಜೋಡಿಸುವವನಿಗೆ. ಕೊನೆಗೆ ಅವನೇ ಬರೆಯಲು ಕೂರುತ್ತಾನೆ.

ಅಂದಿನಿಂದ ಬೇರೆ ಏನೂ ತಲೆಗೆ ಹೋಗುತ್ತಿಲ್ಲ. ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುವಾಗಲೂ ಅಕ್ಷರ ಉಲ್ಟಾ ಕಾಣುತ್ತದೆ. ಆದರೆ ಬೆಳಿಗ್ಗೆ ಐದಕ್ಕೆ ಮೇಜಿನ ಮುಂದೆ ಕೂತರೆ ಆ 184 ಪುಟದ ನೋಟ್‌ಬುಕ್ ಕಣ್ಣೆದುರು. ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ. ಎರಡನ್ನು ಬಿಟ್ಟವಳು ಮೂರನೆಯದನ್ನೂ ಬಿಡುತ್ತೇನೆ ಅಲ್ವಾ?

ಇಂಥದ್ದು ನಿಮಗೂ ಆಗಿದ್ದರೆ ಹೇಳಿ. ಸಮಾಧಾನಕ್ಕೆ ಬೇಡ. ನಿಜ ಹೇಳಿ.

---

ಉಣಕಲ್ ಓದುಗ · ಸೋಮವಾರ ಬೆಳಿಗ್ಗೆ 6:45

ಅಕ್ಕಾ, ನಾನು ಬರೆಯುವವನಲ್ಲ, ಓದುವವನು. ಓದುವವನ ಮಾತನ್ನೇ ಹೇಳುತ್ತೇನೆ.

ಕಳೆದ ವರ್ಷ ನೀವು ಸತ್ತೂರಿನ ಕಥೆಯನ್ನು ಇಲ್ಲಿ ಹಾಕಿದ್ದಿರಿ. ಮಗನಿಗೆ ತೋರಿಸಬೇಕೆಂದು ಎಕ್ಸ್‌ರೇ ಕವರ್ ಹಿಡಿದುಕೊಂಡು ಕೂತ ಮುದುಕ, ಇಳಿಯಬೇಕಾದ ನಿಲ್ದಾಣ ಬಂದರೂ ಇಳಿಯದೆ ಕೂತೇ ಇದ್ದದ್ದು. ನಾನು ದಿನಾ ಅದೇ ಬಸ್ಸಿನಲ್ಲಿ ಹೋಗುತ್ತೇನೆ. ಸತ್ತೂರು ಬಂದಾಗ ಇವತ್ತಿಗೂ ಕಣ್ಣು ಹಿಂದಿನ ಸೀಟಿಗೆ ಹೋಗುತ್ತದೆ. ಅವನು ಮುಂದಿನ ಯಾವುದೋ ಕಥೆಯಲ್ಲಿ ಮತ್ತೆ ಬರುತ್ತಾನೆ ಅಂತ ನೀವೇ ಹೇಳಿದ್ದಿರಿ. ನಾನು ಕಾಯುತ್ತಿದ್ದೇನೆ.

ಹೊಸ ಕಥೆ ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಶುರು ಯಾವಾಗಲೂ ಚೆನ್ನಾಗಿಯೇ ಇರುತ್ತದೆ. ನಡುವೆ ಬಂದಾಗ ಎಲ್ಲ ಕೆಲಸವೂ ಭಾರ. ಮನೆ ಕಟ್ಟಿಸಿದವರನ್ನು ಕೇಳಿ, ಪಾಯ ತೆಗೆದ ದಿನದ ಹುರುಪು ಲಿಂಟಲ್ ಮಟ್ಟಕ್ಕೆ ಬಂದಾಗ ಇರುತ್ತದೆಯೇ? ಹಾಗಂತ ಪಕ್ಕದ ಸೈಟಿನಲ್ಲಿ ಇನ್ನೊಂದು ಪಾಯ ತೆಗೆಯುತ್ತಾರೆಯೇ?

ನಿಜ ಹೇಳಿ ಅಂದಿರಿ, ಹೇಳಿದೆ. ಮೊದಲು ನವನಗರ ಮುಗಿಸಿ.

---

ಬ್ಯಾಡಗಿ ಹುಡುಗ · ಸೋಮವಾರ ಮಧ್ಯಾಹ್ನ 1:20

ಅಕ್ಕಾ, ನಿಮ್ಮದು ಎರಡು. ನನ್ನ ಮೊಬೈಲಿನಲ್ಲಿ ಒಂಬತ್ತು ಇವೆ. ಒಂದೂ ಹತ್ತು ಪುಟ ದಾಟಿಲ್ಲ. ನನಗೆ 24 ವರ್ಷ. ಒಂದೂ ಕಥೆ ಮುಗಿಸದವನು ಸಲಹೆ ಕೊಡಬಾರದು, ಗೊತ್ತು. ಆದರೆ ಬಿಡುವುದರಲ್ಲಿ ನನಗೆ ಅನುಭವ ಜಾಸ್ತಿ. ಅದರಿಂದ ಕಲಿತದ್ದು ಒಂದಿದೆ.

ಅಪ್ಪನ ಜೊತೆ ಮಾರ್ಕೆಟ್ಟಿಗೆ ಹೋಗುತ್ತಿರುತ್ತೇನೆ. ಮೆಣಸಿನಕಾಯಿ ಚೀಲ ಬಿಚ್ಚಿದರೆ ಮೇಲಿನ ಕಾಯಿ ಯಾವಾಗಲೂ ಕೆಂಪಗೆ, ಸುಕ್ಕು ಸುಕ್ಕಾಗಿ, ನೋಡಲು ಚಂದ ಇರುತ್ತದೆ. ತಿಳಿದವರು ಅದನ್ನು ನೋಡುವುದೇ ಇಲ್ಲ. ಮೊಣಕೈ ತನಕ ಕೈ ಹಾಕಿ ನಡುವಿನ ಕಾಯಿ ಎಳೆದು ತೆಗೆಯುತ್ತಾರೆ. ಅದು ಹಸಿ ಇದೆಯೋ ಒಣಗಿದೆಯೋ, ಬಿಳಿಗಾಯಿ ಎಷ್ಟು ಸೇರಿದೆ, ಎಲ್ಲ ಅಲ್ಲಿ ಗೊತ್ತಾಗುತ್ತದೆ.

ನನ್ನ ಒಂಬತ್ತು ಕಥೆಗೂ ಶುರು ಇತ್ತು. ಕೊನೆಯೂ ಇತ್ತು. ನಡುವೆ ಏನಾಗುತ್ತದೆ ಅಂತ ನಾನು ಒಂದು ಸಲವೂ ಕೇಳಿಕೊಳ್ಳಲಿಲ್ಲ. ಅದಕ್ಕೇ ನಿಂತವು.

ನಿಮ್ಮ ಮೊಳೆ ಜೋಡಿಸುವವನ ಕಥೆಯಲ್ಲೂ ಶುರು ಇದೆ, ಕೊನೆ ಇದೆ. ನಡುವೆ ಏನು? ಲೇಖಕ ಸತ್ತ ಮೇಲೆ ಅವನು ಬರೆಯಲು ಕೂರುವ ತನಕ ಏನು ನಡೆಯುತ್ತದೆ? ತಪ್ಪು ತಿಳಿಯಬೇಡಿ. ನನಗೇ ಉತ್ತರ ಬೇಕಾಗಿದೆ, ಅದಕ್ಕೆ ಕೇಳಿದೆ.

---

ಕೆಲಗೇರಿ ದಂಡೆ · ಸೋಮವಾರ ರಾತ್ರಿ 9:50

ಉಣಕಲ್ ಸರ್, ಆ ಮುದುಕನನ್ನು ಯಾರಾದರೂ ಇನ್ನೂ ನೆನಪಿಟ್ಟಿದ್ದಾರೆ ಅಂತ ನನಗೆ ಗೊತ್ತಿರಲಿಲ್ಲ. ಓದಿ ಕಣ್ಣು ತುಂಬಿ ಬಂತು. ಅವನಿಗೆ ಏನಾದರೂ ಮಾಡುತ್ತೇನೆ.

ತಮ್ಮಾ, ನಿನ್ನ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಇಡೀ ದಿನ ಯೋಚಿಸಿದೆ. ಇಲ್ಲ.

---

ಕೋಳಿವಾಡದವ · ಮಂಗಳವಾರ ಬೆಳಿಗ್ಗೆ 7:30

ಮೇಡಂ, ಕಾಲೇಜಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿ ನಿವೃತ್ತನಾದವನು ನಾನು. ನಮ್ಮೂರು ಹುಬ್ಬಳ್ಳಿ ತಾಲೂಕಿನ ಕೋಳಿವಾಡ, ಕುಮಾರವ್ಯಾಸನ ಊರು. ಹಾಗಾಗಿ ಅವನಿಂದಲೇ ಶುರು ಮಾಡುತ್ತೇನೆ.

ಗದುಗಿನ ವೀರನಾರಾಯಣನ ಗುಡಿಗೆ ಹೋದವರಿಗೆಲ್ಲ ಆ ಕಂಬ ತೋರಿಸುತ್ತಾರೆ. ಮಿಂದು ಒದ್ದೆ ಬಟ್ಟೆಯಲ್ಲಿ ಬಂದು ಅಲ್ಲಿ ಕೂರುತ್ತಿದ್ದನಂತೆ, ಬಟ್ಟೆ ಆರುವ ತನಕ ಮಾತ್ರ ಬರೆಯುತ್ತಿದ್ದನಂತೆ. ಜನ ಹೇಳಿಕೊಂಡು ಬಂದ ಮಾತು. ನಿಮ್ಮ ಒಂದೂವರೆ ತಾಸು ಓದಿದಾಗ ನನಗೆ ನೆನಪಾದದ್ದು ಇದೇ.

ಮುಖ್ಯ ಸಂಗತಿ ಬೇರೆ. ಮಹಾಭಾರತಕ್ಕೆ ಹದಿನೆಂಟು ಪರ್ವ. ಕುಮಾರವ್ಯಾಸ ಬರೆದದ್ದು ಹತ್ತು. ಗದಾಪರ್ವಕ್ಕೆ ಕೈ ಬಿಟ್ಟ. ಉಳಿದದ್ದನ್ನು ಮುಂದೆ ವಿಜಯನಗರದ ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ಬರೆದು ಪೂರ್ತಿ ಮಾಡಿದ. ನಮ್ಮೂರಲ್ಲಿ ಇವತ್ತಿಗೂ ಗಮಕಿಗಳು ಹಾಡಿದರೆ, ಹಿರಿಯರು ಕೂತು ಕೇಳಿದರೆ, ಅದು ಆ ಹತ್ತು ಪರ್ವ. ಉಳಿದ ಎಂಟು ಎಲ್ಲಿ ಅಂತ ಕೇಳಿದ ಒಬ್ಬ ಮುದುಕನನ್ನೂ ನಾನು ನೋಡಿಲ್ಲ.

ಹತ್ತಕ್ಕೆ ಯಾಕೆ ನಿಲ್ಲಿಸಿದ ಅನ್ನುವುದಕ್ಕೆ ಪಂಡಿತರು ಏನೇನೋ ಹೇಳುತ್ತಾರೆ, ಅದು ಇಲ್ಲಿ ಬೇಡ. ಆದರೆ ನಿಲ್ಲಿಸಿದ ಜಾಗ ನೋಡಿ. ದುರ್ಯೋಧನ ಬಿದ್ದ. ಯುದ್ಧ ಮುಗಿಯಿತು. ಹದಿನೆಂಟರ ಲೆಕ್ಕ ಹಿಡಿದವನಿಗೆ ಅದು ಅರ್ಧ. ಕಥೆ ಹಿಡಿದವನಿಗೆ ಪೂರ್ತಿ.

ಈಗ ನಿಮ್ಮ ಬಸ್ಸಿಗೆ ಬರೋಣ. ಹನ್ನೆರಡು ಅಂದವರು ಯಾರು? ನೀವೇ. ನಿಲ್ದಾಣ ಇದೆ ಅಂತ ಕಥೆ ಬರಬೇಕೇ? ನವನಗರದಲ್ಲಿ ನಿಮಗೆ ಹೇಳಲು ಏನೂ ಇಲ್ಲದಿದ್ದರೆ ಬಸ್ಸು ಅಲ್ಲಿ ನಿಲ್ಲದೆ ಹೋಗಲಿ. ಆ ಐದನ್ನು ಒಂದೇ ಕೂತಿನಲ್ಲಿ ಓದಿ. ಮುದುಕನ ಗತಿ ಏನಾಯಿತು ಅಂತ ಆರನೆಯದು ಒಂದು ಬರೆದರೆ ಪುಸ್ತಕ ಮುಗಿಯಿತೋ ಏನೋ. ಅರ್ಧಕ್ಕೆ ನಿಂತಿದೆ ಅಂತ ನಾವು ಕೊರಗುವ ಎಷ್ಟೋ ಬರಹ ನಿಜಕ್ಕೂ ಮುಗಿದಿರುತ್ತವೆ. ನಾವು ಮೊದಲ ದಿನ ಹಾಕಿಕೊಂಡ ಲೆಕ್ಕ ಮಾತ್ರ ಮುಗಿದಿರುವುದಿಲ್ಲ.

ಖಾನಾವಳಿಯ ಕಾದಂಬರಿ ಬೇರೆ ಅನ್ನಿಸುತ್ತದೆ. ಅದು ಯಾಕೆ ನಿಂತಿತು ಅಂತ ನೀವು ಹೇಳಲೇ ಇಲ್ಲ.

---

ಉಣಕಲ್ ಓದುಗ · ಮಂಗಳವಾರ ಬೆಳಿಗ್ಗೆ 8:15

ಸರ್, ನಿಮ್ಮ ಮಾತು ಒಪ್ಪಿದೆ. ಹನ್ನೆರಡು ಬೇಡ. ಆ ಒಂದು ಸಾಕು. ಆದರೆ ಅದಂತೂ ಬೇಕೇ ಬೇಕು.

---

ಬೆಟಗೇರಿ ಮಗ್ಗ · ಮಂಗಳವಾರ ರಾತ್ರಿ 10:05

ನಮಸ್ಕಾರ ಅಕ್ಕಾರ. ನಾನು ಕವಿತೆ ಬರೆಯುತ್ತೇನೆ, ಬಹಳ ಕಡಿಮೆ. ಅಪ್ಪ ಅವ್ವ ಇಬ್ಬರೂ ನೇಕಾರರು. ಈಗ ನಮ್ಮ ಓಣಿಯಲ್ಲಿ ಕೈಮಗ್ಗದ ಸದ್ದು ಕಡಿಮೆಯಾಗಿದೆ, ನಮ್ಮ ಮನೆಯಲ್ಲಿ ಒಂದು ಇನ್ನೂ ನಡೆಯುತ್ತಿದೆ. ಬಿಡಬೇಕೋ ಬಿಡಬಾರದೋ ಅಂತ ಎಲ್ಲರೂ ಹೇಳುತ್ತಿದ್ದೀರಿ. ಹೇಗೆ ಬಿಡಬೇಕು ಅನ್ನುವುದನ್ನು ಯಾರೂ ಹೇಳಲಿಲ್ಲ. ನನಗೆ ಗೊತ್ತಿರುವುದು ಅಷ್ಟೇ.

ಮಗ್ಗದ ಮೇಲೆ ಹಾಸು, ಅಂದರೆ ಉದ್ದಕ್ಕೆ ಬಿಗಿದ ಎಳೆಗಳು, ಮುಗಿಯುತ್ತಾ ಬಂದಾಗ ಅವ್ವ ಅದನ್ನು ಪೂರ್ತಿ ಎಳೆದು ತೆಗೆಯುವುದಿಲ್ಲ. ಒಂದಿಷ್ಟು ಉದ್ದದ ಎಳೆಗಳನ್ನು ಹಣಿಗೆಯಲ್ಲಿ ಹಾಗೇ ಬಿಡುತ್ತಾಳೆ. ಹೊಸ ಹಾಸು ಬಂದ ಮೇಲೆ ಆ ಹಳೆಯ ಎಳೆ ಒಂದೊಂದಕ್ಕೂ ಹೊಸ ಎಳೆ ಸೇರಿಸಿ, ಬೆರಳಿಗೆ ಬೂದಿ ಹಚ್ಚಿಕೊಂಡು ಹೊಸೆಯುತ್ತಾಳೆ. ಕೆಚ್ಚುವುದು ಅನ್ನುತ್ತೇವೆ. ಸಾವಿರಾರು ಎಳೆ, ಒಂದು ದಿನ ಹಿಡಿಯುತ್ತದೆ. ಹಳೆಯ ಎಳೆ ಎಲ್ಲ ಕಿತ್ತು ಹಾಕಿದ್ದರೆ? ಪ್ರತಿ ಎಳೆಯನ್ನೂ ಹಣಿಗೆಯ ಹಲ್ಲಿನಲ್ಲಿ ಮೊದಲಿನಿಂದ ತೂರಿಸಬೇಕು. ಅದು ಎಷ್ಟು ದಿನದ ಕೆಲಸ ಅಂತ ಮಾಡಿದವರಿಗೇ ಗೊತ್ತು.

ನಾನು ಒಮ್ಮೆ ಒಂದು ನೀಳ್ಗವಿತೆ ಬಿಟ್ಟೆ. ಬೇಜಾರಾಗಿ ಬಿಟ್ಟೆ. ಯಾವ ಸಾಲಿನ ನಂತರ ಏನು ಬರಬೇಕಿತ್ತು ಅಂತ ಎಲ್ಲೂ ಬರೆದಿಡಲಿಲ್ಲ. ನೆನಪಿರುತ್ತದೆ ಅಂದುಕೊಂಡೆ. ಒಂದು ವರ್ಷದ ಮೇಲೆ ತೆಗೆದು ನೋಡಿದರೆ ಯಾರೋ ಬರೆದದ್ದರ ಹಾಗೆ ಕಂಡಿತು. ಎಳೆ ಸಿಗಲೇ ಇಲ್ಲ. ಅದು ಹೋಯಿತು. ಅದರ ಬಗ್ಗೆ ಇವತ್ತಿಗೂ ದುಃಖ ಇದೆ.

ಆದ್ದರಿಂದ ಹೊಸ ಕಥೆಗೆ ಹೋಗುವುದಿದ್ದರೆ ಹೋಗಿ. ಹೋಗುವ ಮೊದಲು ಎರಡು ಬೆಳಗು ಹಳೆಯದಕ್ಕೆ ಕೊಡಿ. ಮುಂದಿನ ಅಧ್ಯಾಯದಲ್ಲಿ ಯಾರು ಬರುತ್ತಾರೆ, ಏನು ಹೇಳುತ್ತಾರೆ, ನಿಮಗೆ ಎಲ್ಲಿ ಅನುಮಾನ ಇದೆ, ಯಾವ ಪುಟ ಸುಳ್ಳು ಅನ್ನಿಸುತ್ತಿದೆ, ಎಲ್ಲ ಬರೆದು ನೋಟ್‌ಬುಕ್ಕಿನಲ್ಲೇ ಸಿಗಿಸಿಡಿ. ಆಗುವುದಾದರೆ ಮುಂದಿನ ಅಧ್ಯಾಯದ ಮೊದಲ ಅರ್ಧ ಪುಟ ಬರೆದು ನಡುವೆಯೇ ನಿಲ್ಲಿಸಿ. ಅಧ್ಯಾಯ ಮುಗಿಸಿ ನಿಲ್ಲಿಸಬೇಡಿ. ತುದಿ ಜೋತಾಡುತ್ತಾ ಇರಲಿ. ಮುಂದೆ ಕೈಗೆ ಸಿಗುವುದು ಅದೇ.

---

ಕೆಲಗೇರಿ ದಂಡೆ · ಮಂಗಳವಾರ ರಾತ್ರಿ 11:40

ಕೋಳಿವಾಡದ ಸರ್ ಕೇಳಿದ್ದಕ್ಕೆ ಉತ್ತರ ಕೊಡಬೇಕು. ಇಷ್ಟು ದಿನ ನನಗೆ ನಾನೂ ಕೊಟ್ಟುಕೊಂಡಿರಲಿಲ್ಲ.

ಖಾನಾವಳಿಯ ಹೆಣ್ಣುಮಗಳು ನನ್ನ ಸೋದರತ್ತೆ. ಹೆಸರು ಬದಲಿಸಿದ್ದೇನೆ, ಊರು ಬದಲಿಸಿದ್ದೇನೆ. ಆದರೂ ಓದಿದರೆ ಮನೆಮಂದಿಗೆಲ್ಲ ಗೊತ್ತಾಗುತ್ತದೆ. ಎರಡು ವರ್ಷದ ಹಿಂದೆ ಒಂದು ಸೀಮಂತದಲ್ಲಿ ಅತ್ತೆ ನನ್ನ ಪಕ್ಕ ಕೂತು ಮೆಲ್ಲಗೆ ಕೇಳಿದರು. "ನನ್ನ ಮ್ಯಾಲೆ ಏನೋ ಬರ್ಯಾಕತ್ತೀಯಂತ? ಎಲ್ಲಾ ಬರೀಬ್ಯಾಡ ನಮ್ಮವ್ವ." ಅಷ್ಟೇ. ಸಿಟ್ಟಿನಿಂದ ಅನ್ನಲಿಲ್ಲ. ನನ್ನ ಕೈ ಹಿಡಿದುಕೊಂಡೇ ಅಂದರು.

ಮರುದಿನ ಹನ್ನೆರಡನೆಯ ಅಧ್ಯಾಯಕ್ಕೆ ಕೂತೆ. ಪೆನ್ನು ಏಳಲಿಲ್ಲ. ಟೈಮಿಲ್ಲ, ಟೈಮಿಲ್ಲ ಅಂತ ಎಲ್ಲರಿಗೂ ಹೇಳಿಕೊಂಡು ಬಂದೆ.

---

ಹಳೇ ಮೊಳೆ · ಬುಧವಾರ ಬೆಳಿಗ್ಗೆ 10:30

ಎಲ್ಲರಿಗೂ ಶರಣು. ನನ್ನ ಮೊಮ್ಮಗಳು ಈ ಚರ್ಚೆ ತೋರಿಸಿದಳು. ನಾನು ಹೇಳುತ್ತೇನೆ, ಅವಳು ಟೈಪ್ ಮಾಡುತ್ತಿದ್ದಾಳೆ. 1974ರಿಂದ ಹತ್ತೊಂಬತ್ತು ವರ್ಷ ಗದಗದಲ್ಲಿ ಮೊಳೆ ಜೋಡಿಸಿದವನು ನಾನು. ಗದಗನ್ನು ಮುದ್ರಣ ಕಾಶಿ ಅಂತಾರಲ್ಲ, ಆ ಕಾಶಿಯಲ್ಲಿ ನಿಂತು ಕೆಲಸ ಮಾಡಿದ ಕಾಲು ಇವು. ಕೂತು ಮಾಡುವ ಕೆಲಸ ಅಲ್ಲ ಅದು.

ಮೇಡಂ, ನಿಮ್ಮ ಕಥೆ ಕೇಳಿ ಬಹಳ ಸಂತೋಷವಾಯಿತು. ನಮ್ಮಂಥವರ ಮೇಲೆ ಯಾರಾದರೂ ಬರೆಯುತ್ತಾರೆ ಅಂದುಕೊಂಡಿರಲಿಲ್ಲ. ಆದರೆ ಒಂದು ಮಾತು ಹೇಳಲೇಬೇಕು. ಮೊಳೆ ಜೋಡಿಸುವವನಿಗೆ ಕಥೆ ಗೊತ್ತಿರುವುದಿಲ್ಲ.

ನಾವು ಅಕ್ಷರ ನೋಡುತ್ತೇವೆ. 'ಮ' ಆಯಿತು, 'ನೆ' ಆಯಿತು, ಒತ್ತು ಬೇಕು, ಆ ಖಾನೆಗೆ ಕೈ ಹೋಯಿತು. ಎಡಗೈಯಲ್ಲಿ ಮೊಳೆ ಸಾಲಾಗಿ ಕೂರಿಸುವ ಸ್ಟಿಕ್, ಬಲಗೈ ಕೇಸಿನ ಮೇಲೆ ಓಡುತ್ತಿರುತ್ತದೆ. ಸಾಲು ತುಂಬಿತೋ, ನಡುವೆ ಬಿಳಿ ಎಷ್ಟು ಹಾಕಬೇಕು, ಲಕ್ಷ್ಯ ಎಲ್ಲ ಅಲ್ಲೇ. ಕಥೆಯ ಕಡೆ ಮನಸ್ಸು ಹೋದರೆ ತಪ್ಪು ಮೊಳೆ ಬೀಳುತ್ತದೆ. ಒಂದು ಪುಸ್ತಕವನ್ನು ನಾವು ನಾಲ್ಕು ಮಂದಿ ಹಂಚಿಕೊಂಡು ಜೋಡಿಸುತ್ತಿದ್ದೆವು. ನನಗೆ 17ನೆಯ ಪುಟ, ಅವನಿಗೆ 18. ನಾನು ಜೋಡಿಸಿದ ಎಷ್ಟೋ ಪುಸ್ತಕ ಏನು ಹೇಳುತ್ತದೆ ಅಂತ ನನಗೆ ಇವತ್ತಿಗೂ ತಿಳಿಯದು.

ಕಥೆ ಗೊತ್ತಿರುತ್ತಿದ್ದದ್ದು ಬೇರೆಯವನಿಗೆ. ಪ್ರೂಫ್ ತೆಗೆದ ಮೇಲೆ ಒಬ್ಬರು ಪ್ರೂಫ್ ಹಿಡಿದು ತಿದ್ದುತ್ತಾರೆ. ಎದುರಿಗೆ ಒಬ್ಬ ಹುಡುಗ ಲೇಖಕರ ಕೈಬರಹದ ಕಾಪಿ ಹಿಡಿದು ಗಟ್ಟಿಯಾಗಿ ಓದುತ್ತಾನೆ. ಕಾಮಾ, ಪೂರ್ಣವಿರಾಮ ಸಹಿತ. ಪುಸ್ತಕ ಮೊದಲ ಅಕ್ಷರದಿಂದ ಕೊನೆಯ ತನಕ ಆ ಹುಡುಗನ ಬಾಯಿಂದಲೇ ಹೋಗಬೇಕು. ನಮ್ಮಲ್ಲಿ ಒಬ್ಬನಿದ್ದ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಊಟದ ಹೊತ್ತಿನಲ್ಲಿ ನಮಗೆಲ್ಲ ಕಥೆ ಹೇಳುತ್ತಿದ್ದ. ಈ ಮುಂದಿನದು ಹೀಗಾಗುತ್ತದೆ ನೋಡ್ರಿ ಅಂತ ಮೊದಲೇ ಹೇಳುತ್ತಿದ್ದ. ಬಹಳ ಸಲ ಹಾಗೇ ಆಗುತ್ತಿತ್ತು.

ಇನ್ನೊಂದು, ಅರ್ಧಕ್ಕೆ ಬಿಡುವ ವಿಷಯ. ಲಗ್ನದ ಸೀಸನ್ ಬಂದರೆ ನಾವೂ ಪುಸ್ತಕ ಬಿಡುತ್ತಿದ್ದೆವು. ಪತ್ರಿಕೆಯವರು ಬಾಗಿಲಲ್ಲಿ ನಿಂತಿರುತ್ತಾರಲ್ಲ. ಜೋಡಿಸಿದ ಪುಟಕ್ಕೆ ಸುತ್ತಲೂ ದಾರ ಬಿಗಿದು ಹಲಗೆಯ ಮೇಲೆ ಇಟ್ಟು, ಯಾವ ಪುಸ್ತಕ, ಯಾವ ಪುಟ ಅಂತ ಚೀಟಿ ಇಡುತ್ತಿದ್ದೆವು. ತಿಂಗಳ ಮೇಲೆ ತೆಗೆದರೂ ಒಂದು ಅಕ್ಷರ ಅಲುಗಿರುತ್ತಿರಲಿಲ್ಲ. ಆದರೆ ಹಾಗೆ ಕಟ್ಟಿಟ್ಟ ಪುಟದಲ್ಲಿ ಮೊಳೆ ಸಿಕ್ಕಿಬಿದ್ದಿರುತ್ತದೆ. ಸಣ್ಣ ಮುದ್ರಣಾಲಯದಲ್ಲಿ ಮೊಳೆ ಇರುವುದೇ ಅಳತೆಗೆ. ಎರಡು ಪುಸ್ತಕ ಕಟ್ಟಿಟ್ಟರೆ ಮೂರನೆಯದಕ್ಕೆ 'ಳ'ನೇ ಸಿಗುವುದಿಲ್ಲ. ಆಗ ಯಜಮಾನರು ಹೇಳುತ್ತಿದ್ದರು, ಒಂದನ್ನು ಅಚ್ಚು ಹಾಕಿ ಮೊಳೆ ಬಿಚ್ಚಿ ಖಾನೆಗೆ ಹಾಕ್ರಿ, ಆಮೇಲೆ ಹೊಸದು ಅಂತ.

ಬೆಟಗೇರಿ ತಂಗಿ ಹೇಳಿದ್ದು ಸರಿ. ನಾನು ಹೇಳಿದ್ದೂ ಸರಿ. ಒಂದನ್ನು ಕಟ್ಟಿಡಬಹುದು. ಎರಡನ್ನು ಕಟ್ಟಿಡಬೇಡಿ.

---

ಕೆಲಗೇರಿ ದಂಡೆ · ಬುಧವಾರ ಸಂಜೆ 6:20

ಶಾಲೆಯಿಂದ ಬಂದು ಓದಿದೆ. ಬ್ಯಾಗು ಕೆಳಗೆ ಇಡದೆ ನಿಂತೇ ಓದಿದೆ.

ಅಜ್ಜಾರ, ನಿಮಗೆ ನಮಸ್ಕಾರ. ನನ್ನ ಕಥೆಯ ಬೆನ್ನೆಲುಬೇ ಹೋಯಿತು. ಅವನಿಗೆ ಕಥೆ ಗೊತ್ತಿಲ್ಲ ಅಂದಮೇಲೆ ನಾಲ್ಕು ಪುಟವೂ ಸುಳ್ಳು. ಸ್ವಲ್ಪ ಹೊತ್ತು ಸುಮ್ನೆ ಕೂರುತ್ತೇನೆ.

---

ಬ್ಯಾಡಗಿ ಹುಡುಗ · ಬುಧವಾರ ರಾತ್ರಿ 8:00

ಅಕ್ಕಾ, ನನ್ನ ಒಂಬತ್ತರಲ್ಲಿ ನಾಲ್ಕು ಹೀಗೇ ಸತ್ತವು. ಯಾರೋ ಒಬ್ಬರು ಇದು ಹೀಗೆ ಆಗುವುದಿಲ್ಲ ಅಂದರು. ಅವತ್ತೇ ಆಸೆ ಹೋಯಿತು. ಮರುದಿನ ಹತ್ತನೆಯದು ಹೊಳೆಯಿತು.

ನಾಳೆ ಬೆಳಿಗ್ಗೆ ನಿಮಗೆ ಇನ್ನೂ ಬರೆಯಬೇಕು ಅನ್ನಿಸುತ್ತದೆಯೋ ಇಲ್ಲವೋ ದಯವಿಟ್ಟು ಹೇಳಿ. ನಿಮಗಿಂತ ನನಗೇ ಅದು ಜಾಸ್ತಿ ಬೇಕಾಗಿದೆ.

---

ಹಾನಗಲ್ಲ ರಸ್ತೆ · ಬುಧವಾರ ರಾತ್ರಿ 9:35

ಹಾವೇರಿಯಿಂದ. ಒಂದು ಎಚ್ಚರಿಕೆ ಮಾತ್ರ ಹೇಳಿ ಹೋಗುತ್ತೇನೆ. ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆ ಹತ್ತಿರ ಬಂದಾಗ ನನಗೆ ಪ್ರತಿ ವರ್ಷ ಹೊಸ ಕಥೆ ಹೊಳೆಯುತ್ತಿತ್ತು. ಕಾದಂಬರಿ ಬಿಟ್ಟು ಅದರ ಹಿಂದೆ ಓಡುತ್ತಿದ್ದೆ. ಹೀಗೆ ಆರು ವರ್ಷ ಹೋಯಿತು. ಆಮೇಲೆ ತಿಳಿಯಿತು, ನನ್ನನ್ನು ಎಳೆಯುತ್ತಿದ್ದದ್ದು ಕಥೆ ಅಲ್ಲ, ಕೊನೆಯ ದಿನಾಂಕ. ನಮ್ಮವರ ಎದುರು ನನ್ನ ಹೆಸರು ಅಚ್ಚಾಗಿ ಬರಬೇಕು ಅನ್ನುವ ಆಸೆ. ಅದು ಕೆಟ್ಟದ್ದಲ್ಲ. ಆದರೆ ಕಾದಂಬರಿ ಇವತ್ತಿಗೂ ಟ್ರಂಕಿನಲ್ಲಿದೆ, ಅದರಲ್ಲಿನ ಫೋನು ಇನ್ನೂ ಎಸ್‌ಟಿಡಿ ಬೂತಿನದ್ದು.

ಮೇಡಂ ಹೇಳಿದ ಕಥೆಗೆ ಯಾವ ದಿನಾಂಕವೂ ಇಲ್ಲ. ಯಾರೂ ಕೇಳಿಲ್ಲ. ಆದರೂ ರಾತ್ರಿ ಎರಡರ ತನಕ ಕೂತಿದ್ದಾರೆ. ನಾನು ಓಡಿದ ಓಟಕ್ಕೂ ಇದಕ್ಕೂ ವ್ಯತ್ಯಾಸ ಇದೆ.

---

ಕೆಲಗೇರಿ ದಂಡೆ · ಗುರುವಾರ ಬೆಳಿಗ್ಗೆ 6:35

ತಮ್ಮಾ, ನಿನಗೇ ಮೊದಲು ಹೇಳುತ್ತಿದ್ದೇನೆ. ಅನ್ನಿಸುತ್ತಿದೆ. ನಿನ್ನೆಗಿಂತ ಜಾಸ್ತಿ.

ರಾತ್ರಿ ನಿದ್ದೆ ಬರಲಿಲ್ಲ. ಮೂರೂವರೆಗೆ ಎದ್ದು ಆ ನಾಲ್ಕು ಪುಟ ಹರಿದೆ. ಈಗ ಕಥೆ ಮೊಳೆ ಜೋಡಿಸುವವನದ್ದಲ್ಲ, ಗಟ್ಟಿಯಾಗಿ ಓದುವ ಹುಡುಗನದ್ದು. ಮತ್ತೊಂದು ತಿಳಿಯಿತು. ಅವನಿಗೆ ಬರೆಯಲು ಸರಿಯಾಗಿ ಬರುವುದಿಲ್ಲ. ಅವನು ಓದಬಲ್ಲ, ಹೇಳಬಲ್ಲ. ಲೇಖಕ ತೀರಿಕೊಂಡಾಗ ಎಲ್ಲರೂ ಪುಸ್ತಕ ನಿಂತಿತು ಅನ್ನುತ್ತಾರೆ. ಇವನು ಮಾತ್ರ ಊಟದ ಹೊತ್ತಿನಲ್ಲಿ ಮುಂದಿನದನ್ನು ಹೇಳುತ್ತಾ ಹೋಗುತ್ತಾನೆ. ಎದುರಿಗೆ ಬುತ್ತಿ ಬಿಚ್ಚಿಕೊಂಡು ಕೂತ ಮೊಳೆ ಜೋಡಿಸುವವರು ಕೇಳುತ್ತಾರೆ. ಅವರಲ್ಲಿ ಒಬ್ಬ ಎದ್ದು ಹೋಗಿ, ಕಾಪಿಯೇ ಇಲ್ಲದೆ, ಅವನ ಬಾಯಿಂದ ಕೇಳಿದ್ದನ್ನೇ ಸ್ಟಿಕ್ಕಿಗೆ ಹಾಕಲು ಶುರು ಮಾಡುತ್ತಾನೆ. ಜೀವನದಲ್ಲಿ ಮೊದಲ ಸಲ ಅವನಿಗೆ ತಾನು ಜೋಡಿಸುತ್ತಿರುವುದು ಏನು ಅಂತ ಗೊತ್ತಿದೆ.

ನೀನು ಕೇಳಿದ ನಡುವಿನ ಕಾಯಿ ಇದು ಅನ್ನಿಸುತ್ತದೆ. ಅಜ್ಜಾರು ಕೈ ಹಾಕಿ ತೆಗೆದುಕೊಟ್ಟರು.

---

ಕೋಳಿವಾಡದವ · ಗುರುವಾರ ಬೆಳಿಗ್ಗೆ 9:00

ಹೋಗಿ ಮೇಡಂ. ಈ ಕಥೆಗೆ ಹೋಗಿ. ನನ್ನ ಇಡೀ ಮಾತು ಹಿಂದೆ ತೆಗೆದುಕೊಂಡು ಇದೊಂದನ್ನು ಹೇಳುತ್ತೇನೆ.

---

ಬೆಟಗೇರಿ ಮಗ್ಗ · ಗುರುವಾರ ಮಧ್ಯಾಹ್ನ 2:10

ಎರಡು ಬೆಳಗು, ಅಕ್ಕಾರ. ಮರೆಯಬೇಡಿ.

---

ಕೆಲಗೇರಿ ದಂಡೆ · ಭಾನುವಾರ ರಾತ್ರಿ 9:15

ಮರೆಯಲಿಲ್ಲ. ಏನು ಮಾಡಿದೆ ಅಂತ ಹೇಳಿಬಿಡುತ್ತೇನೆ.

ಶುಕ್ರವಾರ ಬೆಳಿಗ್ಗೆ ಬಸ್ಸಿನ ಐದು ಕಥೆ ಒಟ್ಟಿಗೆ ಓದಿದೆ. ಹನ್ನೆರಡರ ಲೆಕ್ಕ ಬಿಟ್ಟೆ. ನವನಗರದ ಹೊಡೆದು ಹಾಕಿದ ಸಾಲುಗಳನ್ನೆಲ್ಲ ತೆಗೆದು ಬೇರೆ ಕವರಿಗೆ ಹಾಕಿದೆ. ಮುದುಕನ ಕಥೆ ಶನಿವಾರ ಮತ್ತು ಇವತ್ತು ಕೂತು ಬರೆದೆ, ಒಂಬತ್ತು ಪುಟ. ಕೊನೆಯ ನಿಲ್ದಾಣದಲ್ಲಿ ಎಲ್ಲರೂ ಇಳಿದ ಮೇಲೆ ಕಂಡಕ್ಟರ್ ಬಂದು ಅವನ ಪಕ್ಕ ಕೂರುತ್ತಾನೆ. ಉಣಕಲ್ ಸರ್, ನಾಳೆ ಇಲ್ಲೇ ಹಾಕುತ್ತೇನೆ. ಆರು ಕಥೆ. ಆ ಮೊಳೆ ಬಿಚ್ಚಿ ಖಾನೆಗೆ ಹಾಕಿದೆ ಅಜ್ಜಾರ.

ಕಾದಂಬರಿಯನ್ನು ಕಟ್ಟಿಡುತ್ತಿದ್ದೇನೆ. ಆದರೆ ಅದಕ್ಕೂ ಮೊದಲು ಇವತ್ತು ಮಧ್ಯಾಹ್ನ ಅತ್ತೆಯ ಮನೆಗೆ ಹೋದೆ. ನೋಟ್‌ಬುಕ್ ತೆಗೆದುಕೊಂಡೇ ಹೋದೆ. ಎಲ್ಲ ಬರೆಯಬೇಡ ಅಂದಿರಲ್ಲ, ಯಾವುದು ಬರೆಯಬಾರದು ಹೇಳಿ ಅಂದೆ. ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಬಹಳ ಹೊತ್ತು ಮಾತಾಡಲಿಲ್ಲ. ನಾನು ಏನೇನೋ ಅಂದುಕೊಂಡಿದ್ದೆ. ಅವರ ಗಂಡ ಬಿಟ್ಟುಹೋದದ್ದು, ಸಾಲ, ಪೊಲೀಸರು ಬಂದ ದಿನ. ಅದ್ಯಾವುದೂ ಅಲ್ಲ. ಒಬ್ಬ ಹುಡುಗ ಮೂರು ವರ್ಷ ಉಂಡು ದುಡ್ಡು ಕೊಡದೆ ಹೋಗಿದ್ದ. ಈಗ ದೊಡ್ಡ ಹುದ್ದೆಯಲ್ಲಿದ್ದಾನೆ. ಅದೊಂದು ಬ್ಯಾಡ ಅಂದರು. "ಅವನ ಮಕ್ಕಳು ಓದ್ತಾರ. ಅವಕ್ಯಾಕ ಗೊತ್ತಾಗಬೇಕು?"

ಅದು ನನ್ನ ಕಾದಂಬರಿಯಲ್ಲಿ ಇರಲೇ ಇಲ್ಲ. ನನಗೆ ಆ ಸಂಗತಿಯೇ ಗೊತ್ತಿರಲಿಲ್ಲ. ಎರಡು ವರ್ಷ ನಾನು ಹೆದರಿದ್ದು ಬೇರೆ ಯಾವುದಕ್ಕೋ. ಇಲ್ಲಿ ಬರೆದದ್ದಕ್ಕೂ ಅವರನ್ನು ಕೇಳಿಯೇ ಬರೆದೆ, ಯಾರು ಅಂತ ತಿಳಿಯದಿದ್ದರೆ ಸಾಕು ಅಂದರು.

ಬಸ್ಸಿನಲ್ಲಿ ಬರುವಾಗ ಹನ್ನೆರಡನೆಯ ಅಧ್ಯಾಯದ ಅರ್ಧ ಪುಟ ಬರೆದೆ. ವಾಕ್ಯದ ನಡುವೆಯೇ ನಿಲ್ಲಿಸಿದೆ. ಚೀಟಿ ಬರೆದು ಸಿಗಿಸಿದೆ. ನೋಟ್‌ಬುಕ್ ಈಗ ಮೇಜಿನ ಮೇಲಿಲ್ಲ, ಕಪಾಟಿನಲ್ಲಿದೆ.

ನಾಳೆ ಐದು ಗಂಟೆಯಿಂದ ಓದುವ ಹುಡುಗನ ಕಥೆ. ಅಜ್ಜಾರ, ನಿಮ್ಮನ್ನು ಬಂದು ನೋಡಬಹುದೇ? ಸ್ಟಿಕ್ ಹಿಡಿಯುವುದು ಹೇಗೆ ಅಂತ ನೋಡಬೇಕು. ಆ 'ಳ' ತರುತ್ತೇನೆ.

---

ಹಳೇ ಮೊಳೆ · ಸೋಮವಾರ ಬೆಳಿಗ್ಗೆ 8:40

ಬರ್ರಿ ಮೇಡಂ, ಮುಂದಿನ ಭಾನುವಾರ ಬರ್ರಿ. ಸ್ಟಿಕ್ ಒಂದು ನನ್ನ ಹತ್ತಿರ ಇದೆ, ಕೆಲಸ ಬಿಡುವಾಗ ಯಜಮಾನರು ಕೊಟ್ಟದ್ದು. ಕೇಸ್ ಇಲ್ಲ, ಆದರೆ ಯಾವ ಅಕ್ಷರ ಯಾವ ಖಾನೆಯಲ್ಲಿ ಅಂತ ಕೈಗೆ ಇನ್ನೂ ನೆನಪಿದೆ. ಹಾಳೆಯ ಮೇಲೆ ಬರೆದು ತೋರಿಸುತ್ತೇನೆ.

ಆ ಓದುವ ಹುಡುಗನಿಗೆ ಈಗ ಅರವತ್ತೆರಡು. ಮುಳಗುಂದ ನಾಕಾ ಹತ್ತಿರ ಇರುತ್ತಾನೆ. ನಿನ್ನೆ ಫೋನ್ ಮಾಡಿ ನಿಮ್ಮ ಕಥೆ ಹೇಳಿದೆ. ಪೂರ್ತಿ ಕೇಳಿದ. ಮುಂದ ಏನಾಗತದ ನನಗ ಗೊತ್ತೈತಿ ಅಂದ. ಭಾನುವಾರ ಅವನೂ ಬರುತ್ತಾನೆ.